ಒಂದು ತುತ್ತು, ಐದು ಅರಿವು

ಐಸ್‌ಕ್ರೀಮ್, ಪುಡಿಂಗ್, ಮೌಸ್‌ನಂಥ ಮೆತ್ತನೆಯ ಸಿಹಿತಿನಿಸುಗಳ ಮೇಲೆ ಉದುರಿಸುವ ಚಾಕೊಲೇಟ್ ಕುಕೀ ಟಾಪಿಂಗ್ ಗರಿಗರಿಯಾಗಿ ಬೆಂದ ಕಪ್ಪುಕಂದು ಚೂರುಗಳ ರಾಶಿ. ಅದನ್ನೇ ಬಟ್ಟಲಿಗೆ ಹಾಕಿ ಊಟದ ಕೊನೆಗೆ ಬಡಿಸುವ ಪದ್ಧತಿ ಇಲ್ಲ. ಇನ್ನೊಂದು ತಿನಿಸಿನ ಮೇಲೆ ಕೂತಾಗಲೇ ಅದಕ್ಕೆ ಕೆಲಸ. ಆ ಕೆಲಸವೂ ವಿಚಿತ್ರ. ಸಿಹಿ ಆಗಲೇ ಕೆಳಗಿದೆ, ಹೊಟ್ಟೆ ತುಂಬಿಸುವ ಹೊಣೆ ಅದಕ್ಕಿಲ್ಲ. ಅದು ತರುವುದು ಮುಖ್ಯವಾಗಿ ಒಂದು ಗಟ್ಟಿತನ, ಒಂದು ಸದ್ದು. ಮೆತ್ತನೆಯ ತುತ್ತಿಗೆ ಈ ಎರಡು ಸೇರಿದ ಕೂಡಲೇ ತಿನ್ನುವವನ ಐದು ಇಂದ್ರಿಯಗಳಿಗೂ ಉದ್ಯೋಗ ಸಿಗುತ್ತದೆ: ಕಣ್ಣಿಗೆ ಬಣ್ಣ, ಕಿವಿಗೆ ಕುರುಂ ಸದ್ದು, ಮೂಗಿಗೆ ಹುರಿದ ಕೋಕೋದ ವಾಸನೆ, ನಾಲಿಗೆಗೆ ಸಿಹಿಕಹಿ, ಚರ್ಮಕ್ಕೆ ತಂಪು ಮತ್ತು ಗಡಸು. ಈ ಐದು ಅರಿವುಗಳು ಒಂದೇ ಕ್ಷಣದಲ್ಲಿ ಹುಟ್ಟುತ್ತವೆಯೋ, ಒಂದಾದ ಮೇಲೊಂದರಂತೆ ಹುಟ್ಟುತ್ತವೆಯೋ ಎಂಬುದು ಭಾರತೀಯ ದರ್ಶನಗಳಲ್ಲಿ ಶತಮಾನಗಟ್ಟಲೆ ನಡೆದ ವಾದ. ವಾದಿಗಳು ಮತ್ತೆಮತ್ತೆ ಎತ್ತಿಕೊಂಡ ಉದಾಹರಣೆಯೂ ಕುರುಕಲು ತಿನಿಸಿನದೇ. ಸಂಸ್ಕೃತ ಗ್ರಂಥಗಳಲ್ಲಿ ಅದರ ಹೆಸರು ದೀರ್ಘಶಷ್ಕುಲೀ. ಕನ್ನಡನಾಡಿನ ಚಕ್ಕುಲಿಯ ಹಿರಿಯ ಎಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ.

ವಾದಕ್ಕೆ ಇಳಿಯುವ ಮೊದಲು ವಸ್ತು ತಯಾರಾಗಬೇಕು. ನೂರು ಗ್ರಾಂ ಮೈದಾ, ಅಷ್ಟೇ ಸಕ್ಕರೆ, ಅರವತ್ತು ಗ್ರಾಂ ಕೋಕೋ ಪುಡಿ, ಒಂದು ಚಮಚ ಕಾರ್ನ್‌ಫ್ಲೋರ್, ಅರ್ಧ ಚಮಚ ಉಪ್ಪು ಇವನ್ನು ಒಣದಾಗಿಯೇ ಬೆರೆಸಿ, ಸುಮಾರು ಎಂಬತ್ತೈದು ಗ್ರಾಂ ಕರಗಿದ ಬೆಣ್ಣೆಯನ್ನು ಅದರ ಮೇಲೆ ಸುರಿದು ಬೆರಳತುದಿಯಲ್ಲಿ ಕಲಸುತ್ತಾರೆ. ಚಪಾತಿ ಹಿಟ್ಟಿನಂತೆ ನಾದುವುದಿಲ್ಲ. ಹಿಟ್ಟು ಒಂದಾಗದೆ, ಕಡಲೆಕಾಳಿನಷ್ಟು ದೊಡ್ಡವೂ ರವೆಯಷ್ಟು ಸಣ್ಣವೂ ಆದ ಉಂಡೆಗಳಾಗಿ ಬಿಡಿಬಿಡಿ ನಿಲ್ಲಬೇಕು. ಬೆಣ್ಣೆಯಲ್ಲಿ ಇರುವ ಅಲ್ಪ ನೀರನ್ನು ಬಿಟ್ಟರೆ ಇಲ್ಲಿ ನೀರೇ ಇಲ್ಲ. ನೀರಿಲ್ಲದೆ ಮೈದಾದ ಗ್ಲುಟೆನ್ ಎಳೆಗಟ್ಟುವುದಿಲ್ಲ, ಕೊಬ್ಬು ಹಿಟ್ಟಿನ ಕಣಗಳಿಗೆ ಹೊದಿಕೆಯಾಗಿ ಅದನ್ನು ಇನ್ನಷ್ಟು ತಡೆಯುತ್ತದೆ. ಹಾಗಾಗಿ ಬೆಂದ ಮೇಲೆ ಚೂರು ಜಗ್ಗುವುದಿಲ್ಲ, ಮುರಿಯುತ್ತದೆ. ತಟ್ಟೆಯ ಮೇಲೆ ತೆಳ್ಳಗೆ ಹರಡಿ 150 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ, ನಡುವೆ ಒಮ್ಮೆ ಕೈಯಾಡಿಸಿದರೆ ಸಾಕು.

ಇಲ್ಲಿ ಹೊಸಬರು ಎಡವುವ ಜಾಗಗಳು ಎರಡು. ಕೋಕೋ ಮೊದಲೇ ಕಪ್ಪಾಗಿರುವುದರಿಂದ ಹೊಂಬಣ್ಣ ಬಂತೇ ಎಂದು ನೋಡಿ ಹದ ತಿಳಿಯುವ ದಾರಿ ಇಲ್ಲ. ಕಣ್ಣು ಸೋತ ಕಡೆ ಮೂಗನ್ನು ನಂಬಬೇಕು. ಎರಡನೆಯದು, ಓವನ್‌ನಿಂದ ಹೊರಬಂದಾಗ ಚೂರು ಮೆತ್ತಗೇ ಇರುತ್ತದೆ. ಬೇಯಲಿಲ್ಲವೆಂದು ಮತ್ತೆ ಒಳಗಿಟ್ಟರೆ ಸೀದುಹೋಗುತ್ತದೆ. ಕರಗಿದ ಸಕ್ಕರೆ ಮತ್ತು ಬೆಣ್ಣೆ ಆರುತ್ತಾ ಬಿಗಿದಾಗ, ತೇವ ನೂರಕ್ಕೆ ಐದು ಭಾಗಕ್ಕಿಂತ ಕೆಳಗಿಳಿದಿದ್ದಾಗ, ಗರಿಗರಿ ತಾನಾಗಿ ಬರುತ್ತದೆ. ಅಂದರೆ ಅದು ಬೆಂಕಿಯಲ್ಲಿ ಹುಟ್ಟುವುದಿಲ್ಲ, ಬೆಂಕಿ ಬಿಟ್ಟ ಮೇಲೆ ಹುಟ್ಟುತ್ತದೆ.

ಬೆಂಕಿಯಿಂದ ವಸ್ತುವಿನ ಗುಣ ಬದಲಾಗುವುದನ್ನು ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಪಾಕವೆಂದು ಕರೆದು ಬಹಳ ಹುರುಪಿನಿಂದ ಚರ್ಚಿಸಿವೆ. ಪೃಥ್ವಿಯಿಂದಾದ ವಸ್ತುಗಳಲ್ಲಿ ಮಾತ್ರ ರೂಪ, ರಸ, ಗಂಧ, ಸ್ಪರ್ಶಗಳು ಶಾಖಕ್ಕೆ ಬದಲಾಗುತ್ತವೆ ಎನ್ನುವಲ್ಲಿ ಇಬ್ಬರೂ ಒಂದೇ. ಬದಲಾವಣೆ ಎಲ್ಲಿ ನಡೆಯುತ್ತದೆ ಎಂಬುದರಲ್ಲಿ ಜಗಳ. ಪೀಲುಪಾಕವಾದಿಗಳಾದ ವೈಶೇಷಿಕರ ಪ್ರಕಾರ ಬೆಂಕಿ ತಾಗಿದ ಹಸಿಮಡಕೆ ಪರಮಾಣುಗಳವರೆಗೂ ಬಿಡಿಬಿಡಿಯಾಗುತ್ತದೆ. ಬಿಡಿ ಪರಮಾಣುಗಳಲ್ಲಿ ಹಳೆಯ ಬಣ್ಣ ಅಳಿದು ಹೊಸದು ಹುಟ್ಟಿ, ಅವು ಮತ್ತೆ ಕೂಡಿ ಇನ್ನೊಂದು ಮಡಕೆಯಾಗುತ್ತದೆ. ಈ ಅಳಿವು ಮತ್ತು ಹುಟ್ಟಿಗೆ ಎಷ್ಟು ಕ್ಷಣ ಬೇಕೆಂದು ಒಂಬತ್ತು, ಹತ್ತು, ಹನ್ನೊಂದು ಎಂದು ಲೆಕ್ಕ ಹಾಕಿದವರಿದ್ದಾರೆ. ಪಿಠರಪಾಕವಾದಿಗಳಾದ ನೈಯಾಯಿಕರಿಗೆ ಇದು ಒಪ್ಪಿಗೆಯಿಲ್ಲ. ಆವೆಯೊಳಗಿನ ಮಡಕೆ ಕ್ಷಣಕಾಲವಾದರೂ ಇಲ್ಲವಾಗಿದ್ದರೆ ಅದರ ಮೇಲೆ ಪೇರಿಸಿದ ಮಡಕೆಗಳು ಬಿದ್ದುಹೋಗಬೇಕಿತ್ತಲ್ಲ ಎನ್ನುತ್ತಾರೆ ಅವರು. ಮಡಕೆಗೆ ಸೂಕ್ಷ್ಮ ರಂಧ್ರಗಳಿವೆ, ಶಾಖ ಅವುಗಳೊಳಗೆ ನುಗ್ಗಿ ಇಡೀ ವಸ್ತುವನ್ನು ಇದ್ದಹಾಗೆಯೇ ಮಾಗಿಸುತ್ತದೆ.

ಓವನ್‌ನ ಗಾಜಿನಾಚೆಗೆ ಕಾಣುವ ಚೂರುಗಳು ನೈಯಾಯಿಕರ ಪಕ್ಷ ವಹಿಸುತ್ತವೆ. ತಟ್ಟೆಗೆ ಹರಡಿದ ಉಂಡೆ ಉಂಡೆಯಾಗಿಯೇ ಹೊರಬರುತ್ತದೆ. ಆದರೆ ಆ ಉಂಡೆಯೊಳಗೆ ಸಕ್ಕರೆಯೂ ಹಾಲಿನ ಪ್ರೋಟೀನೂ ಒಡೆದು ಬೇರೆ ಅಣುಗಳಾಗಿ ಕೂಡಿಕೊಂಡು ಹೊಸ ವಾಸನೆ ಹುಟ್ಟಿಸಿರುತ್ತವೆ. ಗುಣ ಬದಲಾಗಬೇಕಾದರೆ ಒಳಗಿನ ಕೂಟವೇ ಬಿಚ್ಚಿಕೊಳ್ಳಬೇಕು ಎಂಬ ವೈಶೇಷಿಕರ ಊಹೆಗೆ ಇದು ಹತ್ತಿರ. ಇಬ್ಬರಲ್ಲಿ ಒಬ್ಬರನ್ನು ಗೆದ್ದವರೆಂದು ಸಾರುವುದು ಆತುರವಾದೀತು. ಪಾಕದ ದೃಷ್ಟಿಯಿಂದ ಕೋಕೋ ಅಂತೂ ಹಳೆಯ ಪಳಗಿದ ವಸ್ತು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಉಪಬೆಳೆಯಾಗಿ ಬೆಳೆದು ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆಯಂಥಲ್ಲಿಗೆ ಹೋಗುವ ಬೀಜವನ್ನು ಮೊದಲು ಸುಮಾರು ಒಂದು ವಾರ ಹುದುಗು ಬರಿಸಿ, ಒಣಗಿಸಿ, ಆಮೇಲೆ ಹುರಿಯುತ್ತಾರೆ. ಹುದುಗು ಬರದ ಬೀಜ ನೇರಳೆ ಬಣ್ಣದ್ದು, ಒಗರು. ಚಾಕೊಲೇಟ್ ವಾಸನೆ ಅದರಲ್ಲಿ ಇರುವುದೇ ಇಲ್ಲ. ಪುಡಿಯಾಗಿ ಮನೆಗೆ ಬರುವ ಹೊತ್ತಿಗೆ ಅದು ಎರಡು ಪಾಕ ದಾಟಿರುತ್ತದೆ, ಓವನ್ನಿನದು ಮೂರನೆಯದು.

ಇನ್ನು ಸದ್ದು. ವೈಶೇಷಿಕ ಸೂತ್ರಗಳು ಶಬ್ದಕ್ಕೆ ಮೂರು ಹುಟ್ಟುಗಳನ್ನು ಹೇಳುತ್ತವೆ: ಎರಡು ವಸ್ತುಗಳು ಕೂಡುವ ಸಂಯೋಗ, ಕೂಡಿದ್ದವು ಬೇರೆಯಾಗುವ ವಿಭಾಗ, ಮತ್ತು ಮೊದಲೇ ಹುಟ್ಟಿದ ಇನ್ನೊಂದು ಶಬ್ದ. ಹದಿನೇಳನೆಯ ಶತಮಾನದ ಅನ್ನಂಭಟ್ಟ ತರ್ಕಸಂಗ್ರಹಕ್ಕೆ ತಾನೇ ಬರೆದ ದೀಪಿಕೆಯಲ್ಲಿ ಮೊದಲನೆಯದಕ್ಕೆ ಭೇರಿಗೆ ಬಿದ್ದ ಕೋಲಿನ ಏಟನ್ನೂ ಎರಡನೆಯದಕ್ಕೆ ಸೀಳುವ ಬಿದಿರಿನ ಚಟಚಟವನ್ನೂ ಉದಾಹರಿಸುತ್ತಾನೆ. ಗರಿಗರಿಯ ಸದ್ದು ಈ ಎರಡನೆಯ ಜಾತಿಯದು. ಹಲ್ಲು ಚೂರಿಗೆ ತಾಗಿದಾಗ ಅಲ್ಲ, ಚೂರಿನ ಒಳಗೋಡೆಗಳು ಒಂದರಿಂದೊಂದು ಬಿಟ್ಟುಕೊಂಡಾಗ ಅದು ಬರುತ್ತದೆ. ಒಂದು ಕಚ್ಚಿಗೆ ಅಂಥ ಸಣ್ಣ ಬಿರುಕುಗಳು ಹಲವು; ಪ್ರತಿ ಬಿರುಕಿಗೂ ಒಂದೊಂದು ಪುಟ್ಟ ಸದ್ದು. ಇದರಿಂದ ಒಂದು ತಾತ್ವಿಕ ಕುತೂಹಲ ಹುಟ್ಟುತ್ತದೆ. ಸಕ್ಕರೆಯ ಸಿಹಿ ಡಬ್ಬಿಯಲ್ಲಿದ್ದಾಗಲೂ ಸಕ್ಕರೆಯಲ್ಲಿದೆ ಎನ್ನಬಹುದು. ಗರಿಗರಿಯಾದರೋ ವಸ್ತು ಹಾಳಾಗುವ ಹೊತ್ತಿಗಷ್ಟೇ ಪ್ರಕಟವಾಗುವ ಗುಣ. ಪರೀಕ್ಷಿಸಲು ಹೊರಟವನ ಕೈಯಲ್ಲಿ ಪರೀಕ್ಷಿತ ಚೂರು ಉಳಿಯುವುದಿಲ್ಲ, ಅದೇ ತಟ್ಟೆಯ ಪಕ್ಕದ ಚೂರನ್ನು ತೋರಿಸಿ ಊಹಿಸಿ ತಿಳಿಯಬೇಕಾಗುತ್ತದೆ.

ಅದು ಯಾವ ಇಂದ್ರಿಯದ ವಿಷಯ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಷಡ್ರಸಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ, ಹಾಗಾಗಿ ನಾಲಿಗೆಯದಲ್ಲ. ಗಡಸು ಮತ್ತು ಮೃದುತ್ವಗಳನ್ನು ವಿಶ್ವನಾಥ ಪಂಚಾನನ ತನ್ನ ನ್ಯಾಯಸಿದ್ಧಾಂತಮುಕ್ತಾವಲಿಯಲ್ಲಿ ಪೃಥ್ವಿಗೆ ಮಾತ್ರ ಸೇರಿದ ಸ್ಪರ್ಶಭೇದಗಳೆಂದು ತೀರ್ಮಾನಿಸುತ್ತಾನೆ. ಅವು ಅವಯವಗಳ ಒಂದು ಬಗೆಯ ಸಂಯೋಗವಷ್ಟೇ ಎನ್ನುವವರಿಗೆ ಅವನ ಉತ್ತರ ಚುಟುಕು: ಹಾಗಿದ್ದರೆ ಗಡಸು ಕಣ್ಣಿಗೂ ಕಾಣಬೇಕಿತ್ತು. ಆದರೆ ಗರಿಗರಿ ಬರೀ ಗಡಸಲ್ಲ. ಕಲ್ಲುಸಕ್ಕರೆ ಗಡಸು, ಅದನ್ನು ಗರಿಗರಿ ಎನ್ನುವವರಿಲ್ಲ. ಸದ್ದೂ ಅದರ ಒಡಲಿನಲ್ಲೇ ಇದೆ. ಮಾಸ್ಸಿಮಿಲಿಯಾನೊ ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಆಲೂಗಡ್ಡೆ ಚಿಪ್ಸ್ ಕಚ್ಚುವವರಿಗೆ ಅವರದೇ ಕಚ್ಚಿನ ಸದ್ದನ್ನು ಹೆಡ್‌ಫೋನ್ ಮೂಲಕ ಕೇಳಿಸಿ, ಅದರ ದನಿಯನ್ನು ಅಥವಾ ಅದರಲ್ಲಿನ ಕೀಚು ಕಂಪನಗಳನ್ನಷ್ಟೇ ಏರಿಸಿದಾಗ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನಿಸಿತು. ತಗ್ಗಿಸಿದಾಗ ಹಳಸಲು ಅನಿಸಿತು. ಚಿಪ್ಸ್ ಬದಲಾಗಿರಲಿಲ್ಲ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ 2008ರಲ್ಲಿ ಇದಕ್ಕೆ ಸಂದಿತು.

ಹೀಗೆ ಎರಡು ಇಂದ್ರಿಯಗಳು ಕೂಡಿಯೇ ಮುಟ್ಟಬಲ್ಲ ಒಂದು ಸಂಗತಿ ಕೈಗೆ ಬಂದ ಮೇಲೆ ಮೂಲಪ್ರಶ್ನೆ ಹರಿತವಾಗುತ್ತದೆ. ನ್ಯಾಯಸೂತ್ರಕಾರ ಗೌತಮನ ಪ್ರಕಾರ ಹಲವು ಜ್ಞಾನಗಳು ಒಮ್ಮೆಗೇ ಹುಟ್ಟದಿರುವುದೇ ಮನಸ್ಸೆಂಬುದು ಇದೆ ಎನ್ನಲು ಗುರುತು. ಅವನ ತರ್ಕ ಇಷ್ಟು: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳೆಲ್ಲ ಸದಾ ತೆರೆದೇ ಇರುತ್ತವೆ, ಅವುಗಳ ಎದುರು ವಿಷಯಗಳೂ ಇರುತ್ತವೆ. ಆದರೂ ಎಲ್ಲವೂ ಏಕಕಾಲಕ್ಕೆ ತಿಳಿಯುವುದಿಲ್ಲ. ಬೇರೆಡೆ ಮನಸ್ಸಿಟ್ಟವನಿಗೆ ಎದುರಿಗಿದ್ದದ್ದೂ ಕಾಣದು ಎಂಬುದನ್ನು ಬೃಹದಾರಣ್ಯಕ ಉಪನಿಷತ್ತೇ ಹೇಳಿತ್ತು. ಆದ್ದರಿಂದ ಆತ್ಮಕ್ಕೂ ಇಂದ್ರಿಯಗಳಿಗೂ ನಡುವೆ, ಒಂದು ಸಲಕ್ಕೆ ಒಂದೇ ಇಂದ್ರಿಯದ ಜೊತೆ ಕೂಡಬಲ್ಲ, ಅಣುವಿನಷ್ಟು ಚಿಕ್ಕದಾದ ಒಂದು ಕರಣ ಇರಲೇಬೇಕು. ಅದು ಮನಸ್ಸು.

ವಿರೋಧಿಯ ಆಕ್ಷೇಪವನ್ನು ಭಾಷ್ಯಕಾರ ವಾತ್ಸ್ಯಾಯನ ಒಂದು ಚೆಂದದ ಚಿತ್ರವಾಗಿ ಕಟ್ಟಿದ್ದಾನೆ. ಉಪಾಧ್ಯಾಯನೊಬ್ಬ ಪಾಠ ಹೇಳಿಕೊಳ್ಳುತ್ತಾ ನಡೆಯುತ್ತಾನೆ, ಕೈಯಲ್ಲಿ ಕಮಂಡಲು ಹಿಡಿದಿರುತ್ತಾನೆ, ದಾರಿ ನೋಡುತ್ತಾನೆ, ಕಾಡಿನ ಸದ್ದು ಕೇಳಿ ಹೆದರುತ್ತಾನೆ. ಇಷ್ಟೂ ಒಟ್ಟಿಗೇ ಅಲ್ಲವೆ? ಅಲ್ಲ ಎನ್ನುತ್ತದೆ ಸೂತ್ರ. ತಿರುಗಿಸಿದ ಕೊಳ್ಳಿ ಬೆಂಕಿಯ ಚಕ್ರದಂತೆ ಕಂಡರೂ ಅಲ್ಲಿ ಚಕ್ರವಿಲ್ಲ, ವೇಗವಿದೆ. ನಂತರದ ನೈಯಾಯಿಕರ ಕೈಗೆ ಬಂದಾಗ ಆಕ್ಷೇಪ ಇನ್ನಷ್ಟು ಬಿಗಿಯಾಯಿತು, ಏಕೆಂದರೆ ಅದು ಕಾಡುದಾರಿಯಿಂದ ಬಾಯಿಯೊಳಕ್ಕೆ ಬಂತು. ಉದ್ದನೆಯ ಶಷ್ಕುಲಿಯನ್ನು ಕಚ್ಚುವವನು ಅದನ್ನು ಕಾಣುತ್ತಲೇ ಇರುತ್ತಾನೆ, ಅದರ ಮುರಿಯುವ ಸದ್ದು ಕೇಳುತ್ತದೆ, ವಾಸನೆ, ರುಚಿ, ಗಡಸು ತಿಳಿಯುತ್ತವೆ. ತಿನಿಸು ಉದ್ದವಿರಬೇಕೆಂಬುದು ಕಾಟಾಚಾರದ ವಿಶೇಷಣವಲ್ಲ. ಬಾಯಿಗೆ ಹೋದ ಮೇಲೂ ಅರ್ಧ ಹೊರಗೆ ಚಾಚಿಕೊಂಡಿದ್ದರೆ ಮಾತ್ರ ಕಣ್ಣಿಗೂ ಪಾಲು ಸಿಗುತ್ತದೆ. ಬಟ್ಟಲಿನ ಮೇಲೆ ಉದುರಿಸಿದ ಟಾಪಿಂಗ್ ಇದೇ ಅನುಕೂಲವನ್ನು ಬೇರೆ ರೀತಿಯಲ್ಲಿ ಒದಗಿಸುತ್ತದೆ: ಒಂದಿಷ್ಟು ಚೂರು ಹಲ್ಲಿನ ನಡುವೆ, ಮಿಕ್ಕದ್ದು ಕಣ್ಣೆದುರಿಗೆ.

ಮುಕ್ತಾವಲಿಯ ಉತ್ತರ ಸೂತ್ರದ ಜಾಡಿನಲ್ಲೇ ಇದೆ. ಮನಸ್ಸು ಅತಿ ಹಗುರ, ಅತಿ ಚುರುಕು; ಇಂದ್ರಿಯದಿಂದ ಇಂದ್ರಿಯಕ್ಕೆ ಅದು ಹಾರುವ ವೇಗದಲ್ಲಿ ಕ್ರಮ ಮರೆಯಾಗುತ್ತದೆ. ತಾವರೆಯ ನೂರು ದಳಗಳನ್ನು ಒಂದರ ಮೇಲೊಂದಿಟ್ಟು ಸೂಜಿ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುವುದಾದರೂ ಮೇಲಿನದು ತೂತಾಗದೆ ಕೆಳಗಿನದು ತೂತಾಗಲಾರದು. ಇದೇ ವಾಕ್ಯದಲ್ಲಿ ವಿಶ್ವನಾಥ ಹಲವು ಅವಧಾನಗಳನ್ನು ಒಟ್ಟಿಗೆ ನಡೆಸುವವರನ್ನೂ ಹೆಸರಿಸುತ್ತಾನೆ. ಅವಧಾನಕಲೆ ಕರ್ನಾಟಕದಲ್ಲಿ ಇಂದಿಗೂ ಜೀವಂತ, ಶತಾವಧಾನಿ ಆರ್. ಗಣೇಶರ ಸಭೆ ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ಪ್ರಶ್ನೆ ಒಡ್ಡುವ ಎಂಟು ಪೃಚ್ಛಕರಲ್ಲಿ ಒಬ್ಬರು ಅಕ್ಷರ ನಿಷೇಧಿಸುತ್ತಿರುವಾಗ, ಇನ್ನೊಬ್ಬರು ಸಮಸ್ಯೆ ಒಡ್ಡುತ್ತಾರೆ, ಮತ್ತೊಬ್ಬರು ಅಪ್ರಸ್ತುತ ಪ್ರಸಂಗ ತೆಗೆದು ದಾರಿ ತಪ್ಪಿಸುತ್ತಾರೆ. ಅವಧಾನಿ ಒಂದೊಂದನ್ನೂ ಅದು ನಿಂತ ಜಾಗದಲ್ಲೇ ನೆನಪಿನಲ್ಲಿ ಹಿಡಿದು ಮುಂದಿನದಕ್ಕೆ ತಿರುಗುತ್ತಾರೆ. ಅಲ್ಲಿ ನಡೆಯುವುದು ವೇಗ ಮತ್ತು ಧಾರಣೆ ಎಂಬ ನೈಯಾಯಿಕ ವಿವರಣೆ ಸಾಕಷ್ಟು ಒಪ್ಪುವಂತಿದೆ.

ತುತ್ತಿನ ವಿಷಯದಲ್ಲಿ ಅಷ್ಟು ಸುಲಭವಾಗಿ ಒಪ್ಪಲಾಗದು. ತಾವರೆದಳದ ದೃಷ್ಟಾಂತ ಏಕಕಾಲಿಕವೆಂದು ತೋರುವುದು ಭ್ರಮೆಯಾಗಿರಬಹುದು ಎಂದಷ್ಟೇ ತೋರಿಸುತ್ತದೆ, ಭ್ರಮೆಯೇ ಎಂದು ಸಾಧಿಸುವುದಿಲ್ಲ. ಸಾಂಖ್ಯರು ಈ ಬಿರುಕಿನಲ್ಲೇ ಕಾಲಿಟ್ಟರು. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಬುದ್ಧಿ, ಅಹಂಕಾರ, ಮನಸ್ಸು ಮತ್ತು ಒಂದು ಇಂದ್ರಿಯದ ವ್ಯಾಪಾರ ಕೆಲವೊಮ್ಮೆ ಒಟ್ಟಿಗೆ, ಕೆಲವೊಮ್ಮೆ ಕ್ರಮವಾಗಿ ನಡೆಯುತ್ತದೆ ಎಂದು ಎರಡಕ್ಕೂ ಎಡೆ ಕೊಟ್ಟಿತು. ಭಾಟ್ಟ ಮೀಮಾಂಸಕರಂತೂ ಮನಸ್ಸು ಅಣುವಲ್ಲ, ವಿಭು ಎಂದರು. ಎಲ್ಲೆಡೆ ಹರಡಿದ್ದಕ್ಕೆ ಹಾರುವ ಶ್ರಮ ಏಕೆ? ಅದ್ವೈತಿಗಳ ಅಂತಃಕರಣ ನಡುಗಾತ್ರದ್ದು, ಹಿಗ್ಗಿ ಕುಗ್ಗಬಲ್ಲದ್ದು. ಬೌದ್ಧರಲ್ಲಿ ಒಡಕು ಮನೆಯೊಳಗೇ ಇತ್ತು. ಒಂದು ಕ್ಷಣಕ್ಕೆ ಒಂದೇ ವಿಜ್ಞಾನ, ಅಂದರೆ ಒಂದೇ ಅರಿವು, ಎಂಬುದು ಸರ್ವಾಸ್ತಿವಾದಿಗಳ ನಿಲುವು. ಯೋಗಾಚಾರದ ವಸುಬಂಧು ತ್ರಿಂಶಿಕೆಯಲ್ಲಿ, ಐದು ಇಂದ್ರಿಯವಿಜ್ಞಾನಗಳು ಮೂಲವಿಜ್ಞಾನದಿಂದ ಪ್ರತ್ಯಯಗಳಿಗೆ, ಅಂದರೆ ಒದಗಿದ ಕಾರಣಗಳಿಗೆ, ತಕ್ಕಂತೆ ಒಟ್ಟಾಗಿಯೂ ಏಳಬಹುದು, ಬಿಡಿಯಾಗಿಯೂ ಏಳಬಹುದು, ನೀರಿನ ಮೇಲಿನ ತೆರೆಗಳ ಹಾಗೆ ಎಂದ. ಎಂಟನೆಯ ಶತಮಾನದ ಶಾಂತರಕ್ಷಿತನ ತತ್ತ್ವಸಂಗ್ರಹಕ್ಕೆ ವ್ಯಾಖ್ಯಾನ ಬರೆದ ಕಮಲಶೀಲ ಎತ್ತಿಕೊಂಡದ್ದು ತಿನಿಸನ್ನಲ್ಲ, ರಂಗವನ್ನು: ನರ್ತಕಿಯನ್ನು ನೋಡುತ್ತಾ ಹಾಡು ಕೇಳುವ, ಕರ್ಪೂರ ಸವಿಯುವ, ಹೂವು ಮೂಸುವ, ಬೀಸಣಿಗೆಯ ಗಾಳಿಗೆ ಮೈಯೊಡ್ಡಿದ ರಸಿಕ ಅದೇ ಹೊತ್ತಿಗೆ ಆಕೆಗೆ ಏನು ಉಡುಗೊರೆ ಕೊಡಲಿ ಎಂದೂ ಯೋಚಿಸುತ್ತಿರುತ್ತಾನೆ. ಇದನ್ನೆಲ್ಲ ವೇಗದ ಭ್ರಮೆ ಎನ್ನುವುದಾದರೆ, ಇದಕ್ಕಿಂತ ವೇಗವಾಗಿ ಉಚ್ಚರಿಸಿದ ಅಕ್ಷರಗಳು ಏಕೆ ಒಂದಾಗಿ ಕೇಳುವುದಿಲ್ಲ ಎಂಬುದು ಬೌದ್ಧರ ಮೊನಚು ಪ್ರಶ್ನೆ.

ತಿನಿಸನ್ನೇ ಸಾಕ್ಷಿ ಕರೆದರೆ ಅದು ಮೊದಲು ನೈಯಾಯಿಕರ ಕಡೆ ವಾಲುತ್ತದೆ. ಟಾಪಿಂಗ್‌ನ ತುತ್ತಿನಲ್ಲಿ ಘಟನೆಗಳಿಗೆ ನಿಜವಾಗಿಯೂ ಒಂದು ಕ್ರಮವಿದೆ. ಕಣ್ಣು ಮೊದಲು, ಚಮಚ ತುಟಿ ಮುಟ್ಟಿದಾಗ ತಂಪು, ಹಲ್ಲು ಕೂಡಿದಾಗ ಗಡಸು ಮತ್ತು ಸದ್ದು. ರುಚಿಗೆ ಚೂರು ಎಂಜಲಿನಲ್ಲಿ ಕರಗಬೇಕಾದ್ದರಿಂದ ಸಿಹಿ ಹಿಂದೆ ಬೀಳುತ್ತದೆ, ಕೋಕೋದ ಕಹಿ ಇನ್ನೂ ಹಿಂದೆ. ವಾಸನೆಯ ದೊಡ್ಡ ಪಾಲು ಅಗಿದ ಮೇಲೆ ಗಂಟಲಿನ ಹಿಂದಿನಿಂದ ಮೂಗಿಗೆ ಏರುತ್ತದೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ದೇಹದ ಬಿಸಿಗಿಂತ ತುಸು ಕೆಳಗೆ. ತಣ್ಣನೆಯ ಐಸ್‌ಕ್ರೀಮ್ ಜೊತೆಗಿದ್ದಾಗ ಅದೂ ತಡ. ಸಿಹಿತಿನಿಸು ಮಾಡುವವರು ತಿಳಿದೋ ತಿಳಿಯದೆಯೋ ಈ ಕ್ರಮವನ್ನೇ ರಚಿಸುತ್ತಾರೆ. ಸಂಗತಿಗಳು ಒಮ್ಮೆಗೇ ಬಂದೆರಗಿದ್ದರೆ ಗರಿಗರಿಯನ್ನು ಮೇಲಿಡಲು ಕಾರಣವೇ ಇರುತ್ತಿರಲಿಲ್ಲ, ಕಲಸಿಬಿಟ್ಟರೂ ಆಗುತ್ತಿತ್ತು.

ಆದರೆ ಪ್ರಶ್ನೆ ಇದ್ದದ್ದು ಸಂಗತಿಗಳ ಕ್ರಮದ ಬಗ್ಗೆ ಅಲ್ಲ, ಅರಿವಿನ ಕ್ರಮದ ಬಗ್ಗೆ. ಆ ಜಾಗದಲ್ಲಿ ಗರಿಗರಿ ನ್ಯಾಯಮತಕ್ಕೆ ಕಷ್ಟ ಕೊಡುತ್ತದೆ. ಜಾಂಪಿನಿ ಮತ್ತು ಸ್ಪೆನ್ಸರ ಪ್ರಯೋಗಕ್ಕೆ ಕೂತವರು ಸದ್ದು ಕಡಿಮೆಯಾಯಿತು ಎಂದು ಮೊದಲು ತಿಳಿದು, ಗಡಸನ್ನು ಆಮೇಲೆ ತಿಳಿದು, ಎರಡನ್ನೂ ಕೂಡಿಸಿ ಹಳಸಲು ಎಂಬ ತೀರ್ಮಾನಕ್ಕೆ ಬಂದದ್ದಲ್ಲ. ಅವರಿಗೆ ಚಿಪ್ಸೇ ನೇರವಾಗಿ ಹಳಸಲಾಗಿ ತಿಳಿಯಿತು. ಸದ್ದು ಅಲ್ಲಿ ಪ್ರತ್ಯೇಕ ಜ್ಞಾನವಾಗಿ ನಿಲ್ಲದೆ, ಸ್ಪರ್ಶಜ್ಞಾನದ ಬಣ್ಣವನ್ನೇ ಬದಲಿಸಿತು. ಅಣುಮನಸ್ಸು ಕಿವಿಗೂ ಚರ್ಮಕ್ಕೂ ಸರದಿಯ ಮೇಲೆ ಹೋಗಿಬರುವುದಾದರೆ ಈ ಬೆರಕೆ ಎಲ್ಲಿ ನಡೆಯಿತು? ನೈಯಾಯಿಕರ ಬತ್ತಳಿಕೆಯಲ್ಲಿ ಇದಕ್ಕೂ ಬಾಣವಿದೆ. ಹೆಸರು, ಜಾತಿ ಏನನ್ನೂ ಅಂಟಿಸದ ಮೊದಲ ಪ್ರತ್ಯಕ್ಷವಾದ ನಿರ್ವಿಕಲ್ಪಕ ತಾನೇ ಅನುಭವಕ್ಕೆ ಬರುವುದಿಲ್ಲ, ಅದನ್ನು ಅನುಮಾನದಿಂದ ತಿಳಿಯಬೇಕು ಎಂದು ಮುಕ್ತಾವಲಿ ಹೇಳುತ್ತದೆ. ಸದ್ದಿನ ಜ್ಞಾನ ಹಾಗೆ ಗಮನಕ್ಕೆ ಬಾರದೆ ಬಂದುಹೋಗಿ, ಮುಂದಿನ ಜ್ಞಾನಕ್ಕೆ ವಿಶೇಷಣವಾಗಿ ಸೇರಿತು ಎನ್ನಬಹುದು. ಉತ್ತರ ಜಾಣತನದ್ದು, ಆದರೆ ದುಬಾರಿ. ತಿನ್ನುವವನಿಗೆ ತಿಳಿಯದ ಕ್ರಮವೊಂದನ್ನು, ತಿಳಿಯದ ಜ್ಞಾನಗಳಿಂದ ಕಟ್ಟಬೇಕಾಗುತ್ತದೆ. ಆಧುನಿಕ ಮನೋವಿಜ್ಞಾನ ಇಲ್ಲಿ ಪೂರ್ತಿಯಾಗಿ ಯಾರ ಪಕ್ಷಕ್ಕೂ ಇಲ್ಲ. ಬೆನ್ನುಬೆನ್ನಿಗೆ ಬಂದ ಎರಡು ಪ್ರಚೋದನೆಗಳಲ್ಲಿ ಎರಡನೆಯದಕ್ಕೆ ಪ್ರತಿಕ್ರಿಯೆ ತಡವಾಗುತ್ತದೆ ಎಂಬುದನ್ನು 1931ರಲ್ಲಿ ಟೆಲ್ಫೋರ್ಡ್ ವರದಿ ಮಾಡಿದಂದಿನಿಂದ, ನಿರ್ಧರಿಸುವ ಹಂತದಲ್ಲಿ ಒಂದು ಇಕ್ಕಟ್ಟಿದೆ ಎಂಬ ವಿಚಾರ ಬೇರೂರಿದೆ. ಅಣುಮನಸ್ಸಿನ ದೂರದ ನೆಂಟನೆನ್ನಬಹುದಾದ ವಿಚಾರ ಇದು. ಅದಕ್ಕೂ ಹಿಂದಿನ ಹಂತದಲ್ಲಿ ಮಿದುಳು ಸದ್ದು ಮತ್ತು ಸ್ಪರ್ಶಗಳನ್ನು ಅಕ್ಕಪಕ್ಕದ ದಾರಿಗಳಲ್ಲಿ ಏಕಕಾಲಕ್ಕೇ ಸಾಗಿಸುತ್ತದೆ.

ಇಷ್ಟು ಬಡಿದಾಟ ಒಂದು ತಿಂಡಿಗಾಗಿ ನಡೆದದ್ದಲ್ಲ. ಅರಿವುಗಳು ಬಿಡಿಬಿಡಿಯಾಗಿ ಬರುತ್ತವೆ ಎಂದಾದರೆ ಅವನ್ನು ಒಂದು ವಸ್ತುವಿನ ಅರಿವಾಗಿ ಕಟ್ಟುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನ್ಯಾಯಸೂತ್ರದ ಮೂರನೆಯ ಅಧ್ಯಾಯ ಆತ್ಮದ ಪರೀಕ್ಷೆಯನ್ನು ಶುರು ಮಾಡುವುದೇ ಇಲ್ಲಿಂದ. ಕಣ್ಣಿನಿಂದ ಕಂಡದ್ದನ್ನೇ ಚರ್ಮದಿಂದ ಮುಟ್ಟುತ್ತಿದ್ದೇನೆ ಎಂಬ ಅರಿವು ಕಣ್ಣಿಗೂ ಇರಲಾರದು, ಚರ್ಮಕ್ಕೂ ಇರಲಾರದು. ಎರಡೂ ವರದಿಗಳನ್ನು ಪಡೆಯುವ ಮೂರನೆಯವನೊಬ್ಬ ಬೇಕು. ಅದೇ ಅಧ್ಯಾಯದ ಇನ್ನೊಂದು ಸೂತ್ರ ಒಂದು ಇಂದ್ರಿಯ ಕಂಡದ್ದಕ್ಕೆ ಇನ್ನೊಂದು ಇಂದ್ರಿಯ ವಿಕಾರಗೊಳ್ಳುವುದನ್ನು ತೋರಿಸುತ್ತದೆ. ಹುಳಿಹಣ್ಣು ಕಂಡರೆ ಬಾಯಲ್ಲಿ ನೀರೂರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಹಿಂದೆ ಆ ರೂಪವನ್ನೂ ಆ ರುಚಿಯನ್ನೂ ಒಟ್ಟಿಗೆ ಅನುಭವಿಸಿ ನೆನಪಿಟ್ಟವನು ಒಳಗಿಲ್ಲದಿದ್ದರೆ ಕಣ್ಣು ಕಂಡದ್ದಕ್ಕೆ ನಾಲಿಗೆ ಏಕೆ ಒದ್ದೆಯಾಗಬೇಕು? ಬೌದ್ಧರು ಇದನ್ನು ಒಪ್ಪುವುದಿಲ್ಲ. ಹಿಂದಿನ ಕ್ಷಣದ ಸಂಸ್ಕಾರ ಮುಂದಿನ ಕ್ಷಣಕ್ಕೆ ದಾಟುವುದು ಸಾಕು, ದಾಟಿಸಲು ಸ್ಥಿರವಾದ ಒಬ್ಬ ಯಜಮಾನ ಬೇಡ ಎಂಬುದು ಅವರ ಪಕ್ಷ.

ಟಾಪಿಂಗ್ ಹರಡಿದ ಬಟ್ಟಲನ್ನು ಕಂಡಾಗಲೇ ಅದು ಗರಿಗರಿಯಾಗಿ ಕಾಣುತ್ತದೆ. ಕಣ್ಣಿಗೆ ಗಡಸು ಕಾಣದೆಂದು ವಿಶ್ವನಾಥ ಪಟ್ಟು ಹಿಡಿದದ್ದನ್ನು ನೆನೆದರೆ ಇದು ಹೇಗೆ ಸಾಧ್ಯ? ನವ್ಯನ್ಯಾಯ ಇದಕ್ಕೆ ಜ್ಞಾನಲಕ್ಷಣ ಪ್ರತ್ಯಾಸತ್ತಿ ಎಂಬ ಅಲೌಕಿಕ ಸನ್ನಿಕರ್ಷವನ್ನು, ಅಂದರೆ ಇಂದ್ರಿಯಕ್ಕೂ ವಿಷಯಕ್ಕೂ ಇರುವ ಅಸಾಮಾನ್ಯ ಸಂಬಂಧವನ್ನು, ಹೇಳುತ್ತದೆ. ದೂರದ ಗಂಧದ ಕೊರಡನ್ನು ನೋಡಿದವನು ಅದು ಪರಿಮಳದ್ದು ಎಂದು ನೋಡಿಯೇ ತಿಳಿಯುತ್ತಾನೆ. ಪರಿಮಳದ ಹಿಂದಿನ ಜ್ಞಾನವೇ ಕಣ್ಣಿಗೂ ಪರಿಮಳಕ್ಕೂ ಸೇತುವೆಯಾಗುತ್ತದೆ. ಅದ್ವೈತದ ವೇದಾಂತಪರಿಭಾಷೆ ಈ ಅಲೌಕಿಕವನ್ನು ತಳ್ಳಿಹಾಕಿ, ಕೊರಡಿನ ಅಂಶ ಮಾತ್ರ ಪ್ರತ್ಯಕ್ಷ, ಪರಿಮಳದ ಅಂಶ ಪರೋಕ್ಷ ಎಂದು ಒಂದೇ ಜ್ಞಾನವನ್ನು ಎರಡಾಗಿ ಸೀಳುತ್ತದೆ. ಈ ಜಗಳದಲ್ಲಿ ಅದ್ವೈತಿಗಳ ಕೈ ಮೇಲಾಗುವುದು ಮೆತ್ತಗಾದ ಟಾಪಿಂಗ್‌ನಲ್ಲಿ. ಚೂರುಗಳನ್ನು ಕೆನೆಯ ಮೇಲೆ ಉದುರಿಸಿ ಅರ್ಧ ಗಂಟೆ ಬಿಟ್ಟರೆ ಅವು ಕೆಳಗಿನ ತೇವ ಹೀರುತ್ತವೆ. ಗಾಜಿನಂತೆ ಬಿಗಿದಿದ್ದ ಸಕ್ಕರೆ ನೀರು ಸೇರಿದಂತೆ ಸಡಿಲವಾಗುತ್ತದೆ. ಬಣ್ಣ, ಆಕಾರ ಹಾಗೇ ಇರುತ್ತವೆ, ಕಚ್ಚಿದರೆ ಸದ್ದಿಲ್ಲ. ಕಣ್ಣು ನಿಜವಾಗಿ ಕಂಡದ್ದು ಸುಳ್ಳಾಗಲಿಲ್ಲ, ಅದಕ್ಕೆ ನೆನಪು ಅಂಟಿಸಿದ್ದು ಸುಳ್ಳಾಯಿತು. ಅನುಭವಸ್ಥ ಬಾಣಸಿಗರು ಇದಕ್ಕೆ ಎರಡು ಪರಿಹಾರ ಬಲ್ಲರು. ಒಂದು, ಬಡಿಸುವ ಕ್ಷಣಕ್ಕೆ ಮೊದಲು ಉದುರಿಸದಿರುವುದು. ಇನ್ನೊಂದು, ಆರಿದ ಚೂರುಗಳನ್ನು ಕರಗಿಸಿದ ಚಾಕೊಲೇಟ್‌ನಲ್ಲಿ ಹೊರಳಿಸಿ ಗಟ್ಟಿಯಾಗಲು ಬಿಡುವುದು. ಕೊಬ್ಬಿನ ಆ ತೆಳುಪೊರೆ ನೀರನ್ನು ಹೊರಗೇ ನಿಲ್ಲಿಸುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿಟ್ಟರೆ ವಾರವೆರಡು ವಾರ ಕೆಡುವುದಿಲ್ಲ.

ಉಳಿದದ್ದು ಸುಖದ ಪ್ರಶ್ನೆ. ನ್ಯಾಯಮತದಲ್ಲಿ ಸುಖ ತಿನಿಸಿನ ಗುಣವಲ್ಲ, ನಾಲಿಗೆಯದೂ ಅಲ್ಲ. ಅದು ಆತ್ಮದ ಗುಣ, ಅದನ್ನು ಗ್ರಹಿಸುವುದು ಮನಸ್ಸು. ಆದರೆ ಮನಸ್ಸು ಒಂದು ಹೊತ್ತಿಗೆ ಒಂದೇ ಜ್ಞಾನ ಹುಟ್ಟಿಸಬಲ್ಲದು. ಹಾಗಾದರೆ ಅದು ನಾಲಿಗೆಯೊಡನೆ ಕೂಡಿ ಸಿಹಿಯನ್ನು ತಿಳಿಯುವ ಕ್ಷಣದಲ್ಲಿ ಸುಖ ತಿಳಿಯದು, ಸುಖ ತಿಳಿಯುವ ಕ್ಷಣದಲ್ಲಿ ಸಿಹಿ ತಿಳಿಯದು. ಜ್ಞಾನವೊಂದು ಎರಡು ಕ್ಷಣ ನಿಂತು ಮೂರನೆಯದರಲ್ಲಿ ಅಳಿಯುವುದರಿಂದ, ತಿನ್ನುವವನು ತನ್ನ ಸುಖವನ್ನು ಯಾವಾಗಲೂ ಅದರ ಕಾರಣದ ಬೆನ್ನ ಹಿಂದೆಯೇ ಕಾಣಬೇಕು. ನೈಯಾಯಿಕರಿಗೆ ಇದರಿಂದ ಬೇಸರವೇನಿಲ್ಲ. ಅವರಲ್ಲೊಬ್ಬನಾದ ಉದ್ದ್ಯೋತಕರ ಎಣಿಸುವ ಇಪ್ಪತ್ತೊಂದು ಬಗೆಯ ದುಃಖಗಳಲ್ಲಿ ಶರೀರ, ಆರು ಇಂದ್ರಿಯ, ಆರು ವಿಷಯ, ಆರು ಜ್ಞಾನಗಳ ಜೊತೆ ಸುಖವೂ ಒಂದು, ಏಕೆಂದರೆ ಅದು ದುಃಖದ ಸೋಂಕಿಲ್ಲದೆ ಎಲ್ಲಿಯೂ ಸಿಗುವುದಿಲ್ಲ. ಅವರ ಮೋಕ್ಷದಲ್ಲಿ ಈ ಇಪ್ಪತ್ತೊಂದೂ ಇಲ್ಲ. ಅರಿವೂ ಇಲ್ಲ, ಸುಖವೂ ಇಲ್ಲ. ಕಲ್ಲಾಗುವ ಇಂಥ ಮುಕ್ತಿಯನ್ನು ಬೋಧಿಸಿದವನೆಂದು ಗೌತಮನನ್ನು ಶ್ರೀಹರ್ಷ ನೈಷಧೀಯಚರಿತದಲ್ಲಿ ಗೇಲಿ ಮಾಡಿಸಿದ್ದಾನೆ.

ವೇದಾಂತಿಗಳು ಈ ಅಂತರವನ್ನು ಸಾಕ್ಷಿಯ ಮೂಲಕ ಮುಚ್ಚುತ್ತಾರೆ. ಅದ್ವೈತದಲ್ಲಿ ಸುಖ ಅಂತಃಕರಣದ ಒಂದು ಪರಿಣಾಮ. ಅದು ಹುಟ್ಟುತ್ತಲೇ ಸಾಕ್ಷಿಚೈತನ್ಯಕ್ಕೆ ನೇರವಾಗಿ ಬೆಳಗುತ್ತದೆ, ತಿಳಿಯಲು ಇನ್ನೊಂದು ಜ್ಞಾನದ ಸರದಿಗೆ ಕಾಯಬೇಕಿಲ್ಲ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಸಾಕ್ಷಿಯ ಸ್ಥಾನ ಇನ್ನೂ ಖಚಿತ. ಐದು ಹೊರ ಇಂದ್ರಿಯಗಳು ಮತ್ತು ಮನಸ್ಸಿನ ಜೊತೆಗೆ ಅದು ಏಳನೆಯ ಇಂದ್ರಿಯ, ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ ಎಂದು ಮಳಖೇಡದ ಜಯತೀರ್ಥರ ಪ್ರಮಾಣಪದ್ಧತಿ ಎಣಿಸುತ್ತದೆ. ಆತ್ಮಸ್ವರೂಪ, ಸುಖ, ದುಃಖ, ಕಾಲ ಮೊದಲಾದವು ಅದಕ್ಕೆ ನೇರ ವಿಷಯಗಳು. ಉಳಿದ ಆರರಲ್ಲಿ ದೋಷ ಹೊಕ್ಕು ತಪ್ಪರಿವು ಬರಬಹುದು, ಸಾಕ್ಷಿಯಲ್ಲಿ ಬರಲಾರದು. ಈ ಭೇದವನ್ನು ಹೆಡ್‌ಫೋನ್ ಹಾಕಿಕೊಂಡು ಚಿಪ್ಸ್ ಕಚ್ಚಿದವರಿಗೆ ಅನ್ವಯಿಸಿದರೆ, ಅದು ತಾಜಾ ಎಂಬ ಅವರ ಅರಿವು ತಪ್ಪಾಗಿರಬಹುದು. ಅದನ್ನು ತಿಂದು ಖುಷಿಯಾಯಿತು ಎಂಬ ಅರಿವು ತಪ್ಪಲ್ಲ.